ಮುಖದ ಚರ್ಮ ಯಾವ ಬಗೆಯದ್ದು ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

ಮನೆಯಲ್ಲೇ ತಿಳಿಯಬಹುದು. ಆದರೆ ಸೋಪು ಹಚ್ಚಿ ತೊಳೆದು ನೋಡಬೇಡಿ. ನಮ್ಮ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಸಾಮಾನ್ಯ ಸ್ನಾನದ ಸೋಪಿನದ್ದು 9–10. ಅದರಲ್ಲಿ ತೊಳೆದರೆ ಎಣ್ಣೆ ಮುಖವೂ ಬಿಗಿದುಕೊಳ್ಳುತ್ತದೆ. ಎಷ್ಟೋ ಜನ ಇದನ್ನು ನೋಡಿಯೇ ತಮ್ಮದು ಒಣ ಚರ್ಮ ಅಂದುಕೊಂಡು ದಪ್ಪ ಕ್ರೀಮ್ ಹಚ್ಚುತ್ತಾರೆ. ಆಮೇಲೆ ಮೊಡವೆ ಕಾಟ ಶುರುವಾಗುತ್ತದೆ.

ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಏನೂ ಹಚ್ಚದೆ ಒಂದು ಗಂಟೆ ಸುಮ್ನೆ ಬಿಡಿ. ಆ ಹೊತ್ತಿನಲ್ಲಿ ಒಲೆ ಮುಂದೆ ನಿಲ್ಲಬೇಡಿ, ಎಸಿಯಲ್ಲೂ ಕೂರಬೇಡಿ. ನಂತರ ಹಣೆ, ಮೂಗು, ಗಲ್ಲ, ಕೆನ್ನೆಗೆ ಒಂದೊಂದು ಟಿಶ್ಯೂ ಪೇಪರ್ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಬಜ್ಜಿ ಇಟ್ಟ ಪೇಪರಿನ ಹಾಗೆ ಎಲ್ಲದರಲ್ಲೂ ಪಾರದರ್ಶಕ ಕಲೆ ಬಿದ್ದಿದ್ದರೆ ಎಣ್ಣೆ ಚರ್ಮ. ಹಣೆ, ಮೂಗಿನದ್ದರಲ್ಲಿ ಮಾತ್ರ ಕಲೆಯಿದ್ದು ಕೆನ್ನೆಯದ್ದರಲ್ಲಿ ಇಲ್ಲದಿದ್ದರೆ ಮಿಶ್ರ ಚರ್ಮ. ಎಣ್ಣೆ ಗ್ರಂಥಿಗಳು ಹಣೆ, ಮೂಗಿನಲ್ಲೇ ಜಾಸ್ತಿ, ಅದಕ್ಕೇ ಇದು ತುಂಬ ಜನರಲ್ಲಿ ಕಾಣುತ್ತದೆ. ಎಲ್ಲೂ ಕಲೆಯಿಲ್ಲ, ನಕ್ಕರೆ ಕೆನ್ನೆ ಎಳೆದಂತಾಗುತ್ತದೆ ಅಂದ್ರೆ ಒಣ ಚರ್ಮ. ಎಣ್ಣೆಯೂ ಇಲ್ಲ, ಎಳೆತವೂ ಇಲ್ಲ ಅಂದ್ರೆ ಸಾಮಾನ್ಯ.

ಸೆನ್ಸಿಟಿವ್ ಅನ್ನುವುದು ಬೇರೆ ಲೆಕ್ಕ. ಹೊಸದೇನಾದರೂ ಹಚ್ಚಿದರೆ ಉರಿ, ತುರಿಕೆ, ಕೆಂಪಾಗುವುದು ಎಣ್ಣೆ ಚರ್ಮದವರಿಗೂ ಇರಬಹುದು. ಮೂಗಿನ ಪಕ್ಕ, ಹುಬ್ಬಿನಲ್ಲಿ ಹೊಟ್ಟು ಏಳುತ್ತಿದ್ದರೆ ಅದನ್ನೂ ಒಣ ಚರ್ಮ ಅಂತ ತೀರ್ಮಾನಿಸಬೇಡಿ. ಎಣ್ಣೆ ಜಾಸ್ತಿ ಇರುವ ಜಾಗದಲ್ಲೇ ಬರುವ ಸೆಬೊರಿಕ್ ಡರ್ಮಟೈಟಿಸ್ ಅನ್ನುವ ಚರ್ಮದ ತೊಂದರೆ ಕೂಡ ಹಾಗೇ ಕಾಣುತ್ತದೆ. ದಯವಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ.

ಮಂಗಳೂರಿನ ಸೆಕೆಯಲ್ಲಿ ಜಿಡ್ಡಾಗುವ ಮುಖ ಬೀದರಿನ ಚಳಿಯಲ್ಲಿ ಬಿಗಿಯಬಹುದು, ಅಲ್ವಾ? ಹಾಗಾಗಿ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಪರೀಕ್ಷಿಸಿ.