ಮೀನು ಕೆಟ್ಟರೆ ಹಾಳೆ ಹೇಳುತ್ತಾ?

ಪ್ರಶ್ನೆ: ಕೋವಿಡ್ ಬಂದು ಹೋದ ಮೇಲೆ ನನಗೆ ವಾಸನೆ ಸರಿಯಾಗಿ ಗೊತ್ತಾಗುವುದಿಲ್ಲ. ಮನೆಗೆ ಮೀನು ತಂದರೆ ಮಗಳ ಮೂಗೇ ಗತಿ. ತರಕಾರಿ ಸಿಪ್ಪೆಯಿಂದ ಮಾಡಿದ ಒಂದು ಹಾಳೆ, ಮೀನು ಕೆಟ್ಟಾಗ ಬಣ್ಣ ಬದಲಿಸುತ್ತದೆ ಅಂತ ಓದಿದೆ. ನಿಜವಾ? ಮನೆಯಲ್ಲೇ ಮಾಡಬಹುದಾ?
– ಓದುಗರು, ಕುಂದಾಪುರ

ಉತ್ತರ: ನಿಜ ಅಮ್ಮ. ಆರತಿಗೆ ಓಕುಳಿ ಕದಡುತ್ತೀರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಸಾಕು, ಕೆಂಪಾಗುತ್ತದೆ. ಸುಣ್ಣ ಕ್ಷಾರ, ಅದಕ್ಕೇ ಹಾಗೆ. ಕೆಂಪು ಕ್ಯಾಬೇಜು, ನೇರಳೆ ಹಣ್ಣಿನ ಸಿಪ್ಪೆ, ಕೆಂಪು ಈರುಳ್ಳಿ ಸಿಪ್ಪೆಯಲ್ಲಿ ಆಂಥೋಸಯಾನಿನ್ ಎಂಬ ಬಣ್ಣ ಇರುತ್ತದೆ. ಅದು ಹುಳಿ ತಾಗಿದರೆ ಕೆಂಪು, ಕ್ಷಾರ ತಾಗಿದರೆ ನೀಲಿ, ಇನ್ನೂ ಜಾಸ್ತಿಯಾದರೆ ಹಸಿರು. ಕಡಲ ಮೀನು ಕೆಡುವಾಗ ಬ್ಯಾಕ್ಟೀರಿಯಾಗಳು ಟ್ರೈಮೀಥೈಲಮೈನ್, ಅಮೋನಿಯಾ ಹುಟ್ಟಿಸುತ್ತವೆ. ಮೂಗಿಗೆ ಹೊಡೆಯುವ ನಾತ ಅವುಗಳದ್ದೇ. ಎರಡೂ ಕ್ಷಾರ. ಅದೇ ಆವಿ ಹಾಳೆಗೆ ತಾಗಿ ಬಣ್ಣ ತಿರುಗುತ್ತದೆ.

ನಾನು ಹೋಂ ಸೈನ್ಸ್ ಪಾಠ ಮಾಡುತ್ತಿದ್ದವಳು. ಮಕ್ಕಳ ಜೊತೆ ಇದನ್ನು ಮಾಡಿ ನೋಡಿದ್ದೇನೆ. ಕ್ಯಾಬೇಜಿನ ಹೊರಗಿನ ಎಲೆಗಳನ್ನು ಅಂಗಡಿಯವರು ಕಿತ್ತು ಎಸೆಯುತ್ತಾರಲ್ಲ, ಅವನ್ನೇ ತಂದು ಹೆಚ್ಚಿ, ಬಿಸಿನೀರಲ್ಲಿ ನೆನೆಸಿ ಸೋಸಿದೆವು. ಆ ನೀರಿಗೆ ಕಾರ್ನ್‌ಫ್ಲೋರ್ ಕದಡಿ, ಒಂದು ಚಮಚ ಗ್ಲಿಸರಿನ್ ಹಾಕಿ, ಅಂಟಂಟಾಗುವ ತನಕ ಕಾಯಿಸಿ, ಸ್ಟೀಲ್ ತಟ್ಟೆಯ ಮೇಲೆ ತೆಳ್ಳಗೆ ಹರಡಿದೆವು. ಗ್ಲಿಸರಿನ್ ಬಿಟ್ಟರೆ ಒಣಗಿದ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಮೊದಲ ತಟ್ಟೆಯನ್ನು ಬಿಸಿಲಿಗಿಟ್ಟೆವು, ಬಣ್ಣವೇ ಮಾಸಿಹೋಯಿತು. ಎರಡನೆಯದನ್ನು ಎರಡು ದಿನ ನೆರಳಲ್ಲಿ ಒಣಗಿಸಿದ ಮೇಲೆ ಒಳ್ಳೇ ನೇರಳೆ ಹಾಳೆ ಎದ್ದು ಬಂತು. ಬೆರಳುದ್ದದ ತುಂಡನ್ನು ಗಾಜಿನ ಬಾಟಲಿಯ ಮುಚ್ಚಳದ ಒಳಗೆ ಅಂಟಿಸಿ, ತಳಕ್ಕೆ ಬಂಗುಡೆಯ ತಲೆ, ಕರುಳು ಹಾಕಿಟ್ಟೆವು. ಮಾರನೇ ಬೆಳಿಗ್ಗೆ ಅಂಚಿನಿಂದ ನೀಲಿ ಹತ್ತಿತ್ತು. ಸಂಜೆಗೆ ಹಸಿರು. ಮುಚ್ಚಳ ತೆಗೆದು ಮೂಸುವ ಅಗತ್ಯವೇ ಬರಲಿಲ್ಲ. ಮಕ್ಕಳು ಅದರ ಸುತ್ತಲೇ ನಿಂತುಬಿಟ್ಟಿದ್ದರು.

ಆದರೆ ಮನೆಯಲ್ಲಿ ಮಾಡಿದ ಹಾಳೆಯನ್ನು ನಂಬಿ ಮೀನು ತಿನ್ನಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನು ಐಸ್ ಇಲ್ಲದೆ ಸೆಕೆಯಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ಆವಿಯಾಗಿ ಮೇಲೇಳುವುದಿಲ್ಲ. ಹಾಗಾಗಿ ಹಾಳೆಗೂ ಗೊತ್ತಾಗುವುದಿಲ್ಲ, ಒಳ್ಳೇ ಮೂಗಿಗೂ ಗೊತ್ತಾಗುವುದಿಲ್ಲ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಇನ್ನು ತೊರಕೆ, ಶಾರ್ಕ್ ಮೀನಿನ ಮಾಂಸದಲ್ಲೇ ಯೂರಿಯಾ ಇರುತ್ತದೆ, ಅಮೋನಿಯಾ ಬೇಗ ಬರುತ್ತದೆ. ಹಾಲು ಕೆಟ್ಟರೆ ಹುಳಿಯಾಗುವುದರಿಂದ ಬಣ್ಣ ಕೆಂಪಿನ ಕಡೆಗೆ ಹೋಗುತ್ತದೆ. ಅಂದರೆ ಒಂದೊಂದು ಆಹಾರಕ್ಕೂ ಬಣ್ಣದ ಲೆಕ್ಕ ಬೇರೆ. ಅದನ್ನು ಅಳೆದು ಹೊಂದಿಸುವುದು ಲ್ಯಾಬಿನ ಕೆಲಸ.

ಅಲ್ಲಿ ಕಾರ್ನ್‌ಫ್ಲೋರ್ ಗಂಜಿಯ ಬದಲು ಸಿಗಡಿ ಸಿಪ್ಪೆಯಿಂದ ತೆಗೆದ ಕೈಟೋಸಾನ್ ಎಂಬ ಪದಾರ್ಥ ಬಳಸುವುದುಂಟು. ನಮ್ಮ ಕರಾವಳಿಯಲ್ಲಿ ಸಿಗಡಿ ಸಿಪ್ಪೆಗೇನು ಬರವೇ? ದಾಳಿಂಬೆ ಸಿಪ್ಪೆಯ ಒಗರನ್ನು ಸೇರಿಸಿದರೆ ಬ್ಯಾಕ್ಟೀರಿಯಾ ಬೆಳೆಯುವುದೂ ನಿಧಾನವಾಗುತ್ತದೆ. ಬರೀ ಗಂಜಿಯ ಹಾಳೆ ಹಸಿ ಮೀನಿಗೆ ತಾಗಿದರೆ ಮೆತ್ತಗಾಗಿಬಿಡುತ್ತದೆ, ಪ್ಲಾಸ್ಟಿಕ್‌ನ ಹಾಗೆ ಸುತ್ತಿಡಲು ಬರುವುದಿಲ್ಲ.

ಸದ್ಯಕ್ಕೆ ನಿಮ್ಮ ಕಣ್ಣು, ಬೆರಳಿನ ಮೇಲೆ ಭರವಸೆ ಇಡಿ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಂದಾಗಿದ್ದರೆ ಬೇಡ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆನ್ನು ಒತ್ತಿದರೆ ಗುಳಿ ಉಳಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಐಸ್ ಮೇಲಿಟ್ಟು ಮಾರುವವರ ಹತ್ತಿರವೇ ತಗೊಳ್ಳಿ, ಮನೆಗೆ ಬಂದ ಕೂಡಲೇ ಶುಚಿ ಮಾಡಿ ಫ್ರಿಜ್‌ಗೆ ಇಡಿ. ರಜೆ ಬಂದಾಗ ಮಗಳ ಜೊತೆ ಹಾಳೆಯನ್ನೂ ಒಮ್ಮೆ ಮಾಡಿ ನೋಡಿ, ಅವಳಿಗೆ ಖುಷಿಯಾಗುತ್ತದೆ. ತಟ್ಟೆ ಮಾತ್ರ ನೆರಳಲ್ಲಿಡಿ.