ಪ್ರಶ್ನೆ ಬಂದಿದ್ದು ಆಳುವ ಪಕ್ಷದ ಕಡೆಯಿಂದಲೇ

ಪ್ರಿಯ ಓದುಗರೆ,

ಹೋದ ಸಂಚಿಕೆಯಲ್ಲಿ ನಾವು ಮೊದಲ ಲೋಕಸಭೆಯನ್ನು (1952–57) ಹೊಗಳಿದ್ದು ನಿಮಗೆ ಹಿಡಿಸಿಲ್ಲ. '489 ಚುನಾಯಿತ ಸದಸ್ಯರಲ್ಲಿ 364 ಜನ ಕಾಂಗ್ರೆಸ್ಸಿನವರು. ನೆಹರೂ ಹೇಳಿದ್ದಕ್ಕೆ ಕೈ ಎತ್ತುವುದು ಬಿಟ್ಟರೆ ಅವರಿಗೆ ಬೇರೇನು ಕೆಲಸ?' ಅಂತ ಕೇಳಿದ್ದೀರಿ.

ಅರ್ಧ ನಿಜ. ವಿರೋಧ ಪಕ್ಷಗಳ ಸಾಲು ತೀರಾ ತೆಳ್ಳಗಿತ್ತು. ಎ.ಕೆ. ಗೋಪಾಲನ್ ಅವರಂಥವರಿದ್ದ ಕಮ್ಯುನಿಸ್ಟ್ ಪಕ್ಷವೇ ಅದರಲ್ಲಿ ದೊಡ್ಡದು, ಗೆದ್ದವರು 16 ಜನ. ಅಧಿಕೃತ ವಿರೋಧ ಪಕ್ಷದ ನಾಯಕ ಅಂತ ಯಾರೂ ಇರಲಿಲ್ಲ. ಸರ್ಕಾರದ ಮೇಲೆ ಮೊದಲ ಅವಿಶ್ವಾಸ ಗೊತ್ತುವಳಿ ಬಂದಿದ್ದೇ 1963ರಲ್ಲಿ, ಅಂದರೆ ಮೂರನೇ ಲೋಕಸಭೆಯಲ್ಲಿ.

ಆದರೆ ಬರೀ ಕೈ ಎತ್ತುವವರೇ ಇದ್ದರು ಅನ್ನುವುದನ್ನು ಒಪ್ಪಲಾರೆ. ರಾಯ್‌ಬರೇಲಿ ಕಡೆಯಿಂದ ಗೆದ್ದು ಬಂದ ಫಿರೋಜ್ ಗಾಂಧಿಯನ್ನೇ ನೋಡಿ. ಕಾಂಗ್ರೆಸ್ಸಿನವರು, ಸಾಲದ್ದಕ್ಕೆ ಪ್ರಧಾನಿಯ ಅಳಿಯ. ಸುಮ್ನೆ ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ. 1955ರ ಡಿಸೆಂಬರಿನಲ್ಲಿ ಎದ್ದು ನಿಂತು, ಉದ್ಯಮಿ ದಾಲ್ಮಿಯಾ ಅವರ ಹಿಡಿತದಲ್ಲಿದ್ದ ಭಾರತ್ ಇನ್ಶೂರೆನ್ಸ್ ಕಂಪನಿಯಲ್ಲಿ ಪಾಲಿಸಿದಾರರ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಸದನದ ಮುಂದೆ ಬಿಚ್ಚಿಟ್ಟರು. ಮುಂದಿನ ತಿಂಗಳೇ ಸುಗ್ರೀವಾಜ್ಞೆ ಬಂತು. 245 ವಿಮಾ ಸಂಸ್ಥೆಗಳ ಜೀವವಿಮೆ ವ್ಯವಹಾರ ಸರ್ಕಾರದ ಕೈಗೆ ಹೋಯಿತು, 1956ರ ಸೆಪ್ಟೆಂಬರಿನಲ್ಲಿ ಎಲ್‌ಐಸಿ ಹುಟ್ಟಿತು. ಅದಕ್ಕೆ ಆ ಭಾಷಣ ಒಂದೇ ಕಾರಣವಲ್ಲ. ಆದರೂ ನಿಮ್ಮ ಬೀರುವಿನಲ್ಲಿ ಎಲ್‌ಐಸಿ ಬಾಂಡ್ ಇದ್ದರೆ ಅದರ ಹಿಂದೆ ಆ ಭಾಷಣವೂ ಇದೆ.

ಅವರ ಇನ್ನೊಂದು ಕೆಲಸ ನಮ್ಮಂಥ ಪತ್ರಿಕೆಯವರಿಗೆ ಜಾಸ್ತಿ ಹತ್ತಿರದ್ದು. ಸದನದೊಳಗೆ ಆಡಿದ ಮಾತಿಗೆ ಸಂಸದರ ಮೇಲೆ ಕೇಸು ಹಾಕುವಂತಿಲ್ಲ, ಸಂವಿಧಾನದ ರಕ್ಷಣೆ ಇದೆ. ಅದೇ ಮಾತನ್ನು ಅಚ್ಚು ಹಾಕಿದ ಪತ್ರಿಕೆಗೆ? ಅದಕ್ಕೆ ಅಂಥ ರಕ್ಷಣೆ ಕೊಡುವ ಕಾನೂನೇ ಇರಲಿಲ್ಲ. ಫಿರೋಜ್ ಖಾಸಗಿ ಸದಸ್ಯರಾಗಿ, ಅಂದರೆ ಮಂತ್ರಿಯಲ್ಲದ ಸಂಸದರಾಗಿ, ಆ ರಕ್ಷಣೆಗೆ ಮಸೂದೆ ತಂದರು, 1956ರಲ್ಲಿ ಅದು ಕಾಯ್ದೆಯಾಯಿತು. ಇಲ್ಲಿಯವರೆಗೆ ಸಂಸತ್ತಿನಲ್ಲಿ ಪಾಸಾದ ಖಾಸಗಿ ಸದಸ್ಯರ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. 1956ರ ಆ ಕಾಯ್ದೆಯನ್ನು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ರದ್ದು ಮಾಡಿದ್ದು ಯಾರ ಸರ್ಕಾರ ಗೊತ್ತಲ್ವಾ? ಫಿರೋಜರ ಹೆಂಡತಿಯದೇ. 1977ರಲ್ಲಿ ಜನತಾ ಸರ್ಕಾರ ಅದನ್ನು ವಾಪಸ್ ತಂದಿತು.

ಹಾಗಂತ ಆ ಸದನ ಮಾಡಿದ್ದೆಲ್ಲ ಪೂರ್ತಿ ಅಂತಲ್ಲ. ರಾಜ್ಯ ಪುನರ್ವಿಂಗಡಣೆ ಕಾಯ್ದೆ ಅಲ್ಲೇ ಪಾಸಾಯಿತು, ಹರಿದು ಹಂಚಿಹೋಗಿದ್ದ ಕನ್ನಡ ಸೀಮೆ 1956ರ ನವೆಂಬರ್ 1ರಂದು ಒಂದಾಯಿತು. ಆದರೆ ಮುಂಬೈಯನ್ನು ಮಹಾರಾಷ್ಟ್ರದಿಂದ ಬೇರೆ ಇಡುವ ವಿಷಯದಲ್ಲಿ ಬೇಸತ್ತು ಹಣಕಾಸು ಸಚಿವ ಸಿ.ಡಿ. ದೇಶಮುಖ್ ರಾಜೀನಾಮೆ ಕೊಟ್ಟರು. ಅದೇ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಸ್ವಂತ ಸಂಪಾದನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು, ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಮಾತ್ರ ಗಂಡುಮಕ್ಕಳಿಗೇ ಬಿಟ್ಟಿತು. ಅದನ್ನು ನಮ್ಮ ರಾಜ್ಯ ಸರಿಮಾಡಿದ್ದು 1994ರಲ್ಲಿ, ಕೇಂದ್ರ 2005ರಲ್ಲಿ.

'ಈಗಿನವರೇನು ಕಡಿಮೆ?' ಅಂತಲೂ ಬರೆದಿದ್ದೀರಿ. ಮೊದಲ ಲೋಕಸಭೆ ಕೂತಿದ್ದು 677 ದಿನ, 2019ರಲ್ಲಿ ಬಂದ 17ನೇ ಲೋಕಸಭೆ 274 ದಿನ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸೀಟೇ ಹೋಗಬಹುದು. ಆದರೆ ಎದ್ದು ಪ್ರಶ್ನೆ ಕೇಳುವುದಕ್ಕೆ ಆ ಕಾನೂನು ಅಡ್ಡ ಬರುವುದಿಲ್ಲ, ಅಡ್ಡ ಬರುವುದು ಮುಂದಿನ ಸಲದ ಟಿಕೆಟ್ ಚಿಂತೆ. ಹಳೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುತ್ತವೆ. 1955ರ ಡಿಸೆಂಬರ್ ತೆಗೆದು ಓದಿ, ಆಮೇಲೂ ಜಗಳ ಉಳಿದಿದ್ದರೆ ಖಂಡಿತ ಬರೆಯಿರಿ.

– ಸಂಪಾದಕ