ಧ್ವನಿಯ ಹಿಂದಿನ ಮನೆ

ಧಾರವಾಡ ಆಕಾಶವಾಣಿಯಲ್ಲಿ ಮೂರು ದಶಕಗಳ ಕಾಲ ಉದ್ಘೋಷಕಿಯಾಗಿ ದುಡಿದು ನಿವೃತ್ತರಾದ ನಮ್ಮ ಅಂಕಣಕಾರ್ತಿ ಪ್ರತಿ ಸಂಚಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ದುಡಿಮೆಗೂ ಮನೆಗೂ ನಡುವಿನ ಎಳೆದಾಟವನ್ನು ಕುರಿತವು. ಅವುಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ನರ್ಸ್. ವಾರದಲ್ಲಿ ನಾಲ್ಕು ದಿನ ಬೆಳಗಿನ ಪಾಳಿ ಇರುತ್ತದೆ. ಆರು ವರ್ಷದ ಮಗಳು ಏಳುವ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ನೀವೂ ನಸುಕಿನ ಪಾಳಿ ಮಾಡಿದವರು. ಈ ಸಂಕಟವನ್ನು ಹೇಗೆ ದಾಟಿದಿರಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ನಿಮ್ಮ ಬೆಳಗು ನನಗೆ ಚೆನ್ನಾಗಿ ಗೊತ್ತು. ನಮ್ಮ ಮೊದಲ ಪ್ರಸಾರ 5 ಗಂಟೆ 55 ನಿಮಿಷಕ್ಕೆ ಸಂಕೇತ ರಾಗದೊಂದಿಗೆ ಆರಂಭವಾಗುತ್ತಿತ್ತು. ಅದಕ್ಕೆ ಅರ್ಧ ಗಂಟೆ ಮೊದಲೇ ಸ್ಟುಡಿಯೋದಲ್ಲಿದ್ದು, ಯಾವ ಹೊತ್ತಿಗೆ ಯಾವ ಕಾರ್ಯಕ್ರಮವೆಂದು ಬರೆದಿರುವ ಕ್ಯೂಶೀಟು ಓದಿಕೊಂಡು, ಆ ಹೊತ್ತಿನ ಟೇಪುಗಳನ್ನೂ ರೆಕಾರ್ಡುಗಳನ್ನೂ ಅನುಕ್ರಮವಾಗಿ ಜೋಡಿಸಿಕೊಳ್ಳಬೇಕಾಗಿದ್ದರಿಂದ ನಾಲ್ಕು ಗಂಟೆಗೆ ಏಳದೆ ಗತ್ಯಂತರವಿರಲಿಲ್ಲ. ಮಗಳು ಕಣ್ಣುಜ್ಜಿಕೊಂಡು ನನ್ನನ್ನು ಹುಡುಕುವ ಹೊತ್ತಿಗೆ ನಾನು ಕೆಂಪು ದೀಪ ಉರಿಯುವ ಬಾಗಿಲಿನ ಒಳಗಿರುತ್ತಿದ್ದೆ. ಅವಳನ್ನು ಎಬ್ಬಿಸಿ, ನೀರೆರೆದು, ಹೆರಳು ಹಾಕಿ, ಡಬ್ಬಿ ಕಟ್ಟಿ ಶಾಲೆಗೆ ಕಳುಹಿಸಿದವರು ನನ್ನ ಅತ್ತೆಯವರು.

ನಮ್ಮ ಮನೆಯಲ್ಲಿ ಬೆಳಗಿನ ಗಡಿಯಾರವೆಂದರೆ ರೇಡಿಯೋ. 6.55ಕ್ಕೆ ದೆಹಲಿಯಿಂದ ಸಂಸ್ಕೃತ ವಾರ್ತೆ ಬಂದರೆ ಮಗಳು ಹಾಸಿಗೆ ಬಿಡಬೇಕು, 7.05ಕ್ಕೆ ಪ್ರದೇಶ ಸಮಾಚಾರ ಆರಂಭವಾದರೆ ಬಚ್ಚಲಿಗೆ ಹೋಗಬೇಕು, 7.35ರ ಕನ್ನಡ ವಾರ್ತೆಯ ಹೊತ್ತಿಗೆ ತಾಟಿನ ಮುಂದೆ ಕುಳಿತಿರಬೇಕು. ವಾರ್ತೆಗಳ ನಡುವೆ ಕೆಲವೇ ಕ್ಷಣ ನನ್ನ ಧ್ವನಿ ಇರುತ್ತಿತ್ತು: ಕೇಂದ್ರದ ಹೆಸರು, ಸಮಯ, ಮುಂದಿನ ಕಾರ್ಯಕ್ರಮ. ಸ್ವಂತ ಮಾತಿಗೆ ಅಲ್ಲಿ ಎಡೆಯಿಲ್ಲ, ಇರಲೂಬಾರದು. ಒಂದು ರಾತ್ರಿ, ಜ್ವರದಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಮಗಳು ನಾಳೆ ಹೋಗಬೇಡವೆಂದು ಸೆರಗು ಹಿಡಿದಾಗ, ಏನು ಹೇಳಬೇಕೆಂದು ತೋಚದೆ, "ಏಳೂವರಿಗೆ ನಾ ಟೈಮ್ ಹೇಳ್ತೀನಲ್ಲ, ಅದು ನಿನಗ ಅಂತ ತಿಳ್ಕೋ" ಎಂದೆ. ಅವಳು ಅದನ್ನು ಪೂರ್ತಿಯಾಗಿ ನಂಬಿದಳು. ಅಲ್ಲಿಂದ ನಾಲ್ಕೈದು ವರ್ಷಗಳ ಕಾಲ, ನನಗೆ ಬೆಳಗಿನ ಪಾಳಿ ಇದ್ದ ದಿನಗಳಲ್ಲೆಲ್ಲ, ಏಳೂವರೆಗೆ ರೇಡಿಯೋದ ಹತ್ತಿರ ಬಂದು ನಿಂತು, ಸಮಯವನ್ನು ಕೇಳಿಸಿಕೊಂಡು, "ಹ್ಞೂಂ" ಎಂದು ತಿರುಗಿ ಹೋಗುತ್ತಿದ್ದಳೆಂದು ಅತ್ತೆಯವರು ಹೇಳುತ್ತಿದ್ದರು. ನಾನೂ ಆ ಒಂದು ವಾಕ್ಯವನ್ನು ಉಳಿದವುಗಳಿಗಿಂತ ತುಸು ನಿಧಾನವಾಗಿ ಹೇಳುತ್ತಿದ್ದೆ. ಸಾವಿರಾರು ಜನ ಅದನ್ನು ಕೇಳಿ ತಮ್ಮ ಗಡಿಯಾರ ಸರಿಮಾಡಿಕೊಂಡಿರಬೇಕು. ಅದು ಯಾರಿಗೆ ಹೇಳಿದ ಮಾತೆಂಬುದು ಇಬ್ಬರಿಗೆ ಮಾತ್ರ ತಿಳಿದಿತ್ತು.

ಇದರಿಂದ ಸಂಕಟ ಹೋಯಿತೆಂದು ನಾನು ಹೇಳಲಾರೆ. ಶಾಲೆಯ ಮೊದಲ ದಿನ ಅವಳು ಹೇಗೆ ಹೊರಟಳೆಂಬುದನ್ನು ನಾನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿದವಳು, ಆ ನೋವು ಇಂದಿಗೂ ಇದೆ. ಆದರೆ ದಿನವೂ ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ಬರುವ ಒಂದು ಚಿಕ್ಕ ಸಂಗತಿಯನ್ನು ಮಗು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆಂಬುದನ್ನು ಕಂಡಿದ್ದೇನೆ. ಡಬ್ಬಿಯಲ್ಲಿ ಇಡುವ ಒಂದು ಚೀಟಿಯಾಗಲಿ, ಪಾಳಿಯ ನಡುವೆ ನಿಶ್ಚಿತ ಸಮಯಕ್ಕೆ ಮಾಡುವ ಒಂದು ನಿಮಿಷದ ಕರೆಯಾಗಲಿ, ತಪ್ಪದಂತೆ ನೋಡಿಕೊಳ್ಳಿ. ರಜೆಯ ದಿನ ಆಟಿಕೆ ತಂದು ಸುರಿಯುವುದಕ್ಕಿಂತ ಅದು ಮೇಲು. ನಿಮ್ಮ ಮಗಳಿಗೆ ಬೆಳಿಗ್ಗೆ ಹೆರಳು ಹಾಕುವವರು ಯಾರೋ, ಅವರಿಗೆ ನೀವು ಋಣಿಯೆಂಬುದನ್ನು ಅವರೆದುರಿಗೇ ಹೇಳಿ. ನಾನು ಹೇಳಲು ಬಹಳ ತಡಮಾಡಿದೆ.

ಪ್ರಶ್ನೆ: ತಂದೆಯವರು ತೀರಿಕೊಂಡ ಹದಿನಾರನೆಯ ದಿನಕ್ಕೆ ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತೆ. ಗ್ರಾಹಕರೊಡನೆ ಎಂದಿನಂತೆ ಮಾತನಾಡುವಾಗ ತಂದೆಗೆ ದ್ರೋಹ ಬಗೆಯುತ್ತಿದ್ದೇನೆ ಎನ್ನಿಸುತ್ತದೆ. ಧ್ವನಿಯೇ ವೃತ್ತಿಯಾಗಿದ್ದ ನಿಮಗೆ ಇಂಥ ದಿನ ಬಂದಿತ್ತೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ಬಂದಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೇ, 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ದೇಶಕ್ಕೆ ಶೋಕ ಬಂದಾಗ ಏನು ಮಾಡಬೇಕೆಂಬುದಕ್ಕೆ ಆಕಾಶವಾಣಿಯಲ್ಲಿ ಸ್ಪಷ್ಟ ಕ್ರಮವಿದೆ. ಚಿತ್ರಗೀತೆಗಳು ನಿಲ್ಲುತ್ತವೆ, ಹಾಸ್ಯದ ಕಾರ್ಯಕ್ರಮಗಳು ಬದಿಗೆ ಸರಿಯುತ್ತವೆ, ಸಾರಂಗಿ, ವೀಣೆ, ಶಹನಾಯಿಗಳ ಗಂಭೀರ ವಾದನ ದಿನಗಟ್ಟಲೆ ಹರಿಯುತ್ತದೆ. ಉದ್ಘೋಷಕಿಯ ಮನೆಗೆ ಶೋಕ ಬಂದರೆ ಅಂಥ ಕ್ರಮವೇನೂ ಇಲ್ಲವೆಂಬುದು ಕೆಲವು ವರ್ಷಗಳ ನಂತರ ನನ್ನ ತಂದೆ ತೀರಿಕೊಂಡಾಗ ತಿಳಿಯಿತು.

ಅವರು ಹಾವೇರಿ ಸೀಮೆಯ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರರಾಗಿದ್ದರು. ಅಂಚೆ ಕಚೇರಿಯಲ್ಲಿ ಪ್ರತಿ ವರ್ಷ ರೇಡಿಯೋ ಲೈಸೆನ್ಸ್ ನವೀಕರಿಸಬೇಕಾಗಿದ್ದ ಕಾಲದ ರಸೀತಿಗಳನ್ನು ಒಂದೂ ಬಿಡದೆ ಕಟ್ಟಿಟ್ಟಿದ್ದರು. ನಾನು ಮೊದಲ ಸಲ ಮೈಕಿನ ಮುಂದೆ ಕುಳಿತ ದಿನ ಊರ ಹನುಮಪ್ಪನ ಗುಡಿಯ ಕಟ್ಟೆಗೆ ರೇಡಿಯೋ ಒಯ್ದು ಇಟ್ಟಿದ್ದರಂತೆ. ಹದಿನೈದು ದಿನ ಕಳೆದು ನಾನು ಕೆಲಸಕ್ಕೆ ಹಿಂದಿರುಗಿದ ಸಂಜೆ, ಕ್ಯೂಶೀಟಿನಲ್ಲಿದ್ದುದು ಮದುವೆಯ ಸೋಬಾನೆ ಪದಗಳು. ಅವನ್ನು ಪ್ರಕಟಿಸಿದೆ. ಧ್ವನಿ ನಡುಗಲಿಲ್ಲ, ಒಂದು ಅಕ್ಷರವೂ ತಪ್ಪಲಿಲ್ಲ. ಹೊರಗೆ ಬಂದು, ತಪ್ಪಲಿಲ್ಲವಲ್ಲ ಎಂಬ ಕಾರಣಕ್ಕೇ ಅತ್ತೆ. ನೀವು ದ್ರೋಹವೆನ್ನುವ ಭಾವನೆ ಅದೇ ಇರಬೇಕು.

ಮುಂದಿನ ವಾರ ಕೇಂದ್ರಕ್ಕೆ ಒಂದು ಅಂಚೆ ಕಾರ್ಡು ಬಂದಿತು. ದೊಡ್ಡ ದೊಡ್ಡ ಅಕ್ಷರಗಳು. ಯಾರೋ ಅಜ್ಜಿ ಹೇಳಿ, ಮೊಮ್ಮಗ ಬರೆದಂತಿತ್ತು. "ತಂಗೀ, ನಿನ್ನ ದನಿ ಬತ್ತಿದಂಗ ಐತಿ. ಹದಿನೈದು ದಿನ ಬರಲಿಲ್ಲ. ಆರಾಮ ಇದ್ದೀಯಿಲ್ಲೊ? ಮೈ ಕಡೆ ನೋಡಿಕೋ." ಸಹೋದ್ಯೋಗಿಗಳಿಗೆ ಕೇಳಿಸದ್ದು, ನನಗೇ ಕೇಳಿಸದ್ದು, ಎಂದೂ ನನ್ನ ಮುಖ ನೋಡದ ಆ ತಾಯಿಗೆ ಕೇಳಿಸಿತ್ತು. ಎಂದಿನಂತೆ ಮಾತನಾಡಲು ನಾವು ಎಷ್ಟೇ ಶ್ರಮಪಟ್ಟರೂ ಕಳೆದುಕೊಂಡವರು ಧ್ವನಿಯಲ್ಲಿ ಇದ್ದೇ ಇರುತ್ತಾರೆಂದು ನನಗೆ ಆ ಕಾರ್ಡಿನಿಂದ ಖಚಿತವಾಯಿತು. ನಿಮ್ಮ ಕೌಂಟರಿನ ಆಚೆ ನಿಂತವರಲ್ಲಿ ಯಾರಿಗಾದರೂ ಅದು ತಿಳಿದಿರಬಹುದು. ತಿಳಿದೂ ಕೇಳದೆ, ನಿಮ್ಮ ನೋವಿಗೆ ಮರ್ಯಾದೆ ಕೊಟ್ಟು ಸುಮ್ಮನೆ ಹೋಗಿರಬಹುದು. ನೀವು ನಿಮ್ಮ ಕೆಲಸವನ್ನು ಚೆನ್ನಾಗಿ ಮಾಡಿದರೆ ಅದರಲ್ಲಿ ತಂದೆಗೆ ಅವಮಾನವಾಗುವಂಥದ್ದು ಏನೂ ಇಲ್ಲ.

ಪ್ರಶ್ನೆ: ದಿನವಿಡೀ ಮಾತನಾಡುವವರು ಮನೆಯಲ್ಲಿ ಮೌನವಾಗಿರುತ್ತಾರೆಯೆ? ನನ್ನ ಪತಿ ಕಾಲೇಜಿನ ಅಧ್ಯಾಪಕರು. ಮನೆಗೆ ಬಂದರೆ ಒಂದು ಮಾತಿಲ್ಲ.
— ಓದುಗರೊಬ್ಬರು, ಗದಗ

ಉತ್ತರ: ಇರುತ್ತಾರೆ. ನಾನೂ ಇದ್ದೆ. ನನ್ನ ಪತಿ ಅದನ್ನು ಮೊದಮೊದಲು ಮುನಿಸೆಂದು ತಿಳಿದಿದ್ದರು.

ಇದರಲ್ಲಿ ದಣಿವಿನ ಜೊತೆಗೆ ಭಾಷೆಯ ಮಾತೂ ಇದೆ. ಸ್ಟುಡಿಯೋದಲ್ಲಿ ನಾನು ಆಡುತ್ತಿದ್ದುದು ಗ್ರಂಥಸ್ಥ ಕನ್ನಡ, ಮನೆಯದು ಧಾರವಾಡದ ಕನ್ನಡ. ನಮ್ಮ ಕೇಂದ್ರದ ಗ್ರಾಮೀಣ ಕಾರ್ಯಕ್ರಮಗಳಲ್ಲಿ ಈ ಸೀಮೆಯ ಮಾತಿಗೆ ಗೌರವದ ಸ್ಥಾನವಿತ್ತು. ಬೇಂದ್ರೆಯವರು 1956ರಲ್ಲಿ ಈ ಕೇಂದ್ರದ ಸಲಹೆಗಾರರಾಗಿದ್ದರೆಂಬುದನ್ನು ನಾವು ಹೆಮ್ಮೆಯಿಂದ ನೆನೆಯುತ್ತಿದ್ದೆವು. ಉದ್ಘೋಷಣೆ ಮಾತ್ರ ಶಿಷ್ಟ ಕನ್ನಡದಲ್ಲೇ ಆಗಬೇಕಿತ್ತು. ಆರು ಗಂಟೆಗಳ ಕಾಲ ಪ್ರತಿ ಪದವನ್ನೂ ತೂಗಿ ಆಡಿದ ಮೇಲೆ ನಾಲಿಗೆ ತನ್ನ ಮೂಲ ಜಾಗಕ್ಕೆ ಮರಳಲು ಹೊತ್ತು ಹಿಡಿಯುತ್ತದೆ. ಸಿಟ್ಟು ಬಂದಾಗಲಂತೂ ನಾನು ಮನೆಯಲ್ಲೂ ರೇಡಿಯೋ ಕನ್ನಡದಲ್ಲಿ ಮಾತನಾಡುತ್ತಿದ್ದೆನೆಂದೂ, ಅದನ್ನು ಕೇಳಿದರೆ ತನಗೆ ಹೆದರಿಕೆಯಾಗುತ್ತಿತ್ತೆಂದೂ ಮಗಳು ದೊಡ್ಡವಳಾದ ಮೇಲೆ ಹೇಳಿದಳು. ನಿಮ್ಮ ಪತಿ ತರಗತಿಯ ಭಾಷೆಯಿಂದ ಮನೆಯ ಭಾಷೆಗೆ ಇಳಿಯಲು ಅವರಿಗೂ ಒಂದಷ್ಟು ಸಮಯ ಬೇಕಾಗಬಹುದು.

ನಮ್ಮ ಮನೆಯಲ್ಲಿ ಮಾತನ್ನು ಹಿಂದಕ್ಕೆ ತಂದದ್ದು ತೊಪ್ಪಲ ಪಲ್ಯ. ಸಂತೆಯಿಂದ ಬಂದ ಮೆಂತ್ಯೆ, ಪುಂಡಿ, ರಾಜಗಿರಿ ಸೂಡುಗಳನ್ನು ಪಡಸಾಲೆಯಲ್ಲಿ ಹರವಿಕೊಂಡು ಇಬ್ಬರೂ ಸೋಸಲು ಕೂರುತ್ತಿದ್ದೆವು. ಕಣ್ಣು ಎಲೆಗಳ ಮೇಲೆ, ಕೈಗೆ ಕೆಲಸ. ಎದುರುಬದುರು ಕುಳಿತು ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಬ್ಬರು ಏನನ್ನೋ ಹೇಳಿರುತ್ತಿದ್ದೆವು. ಮಗಳ ಮದುವೆಯಂಥ ದೊಡ್ಡ ವಿಷಯವೂ ನಮ್ಮಲ್ಲಿ ಮೊದಲು ಬಂದದ್ದು ಮೆಂತ್ಯೆಯ ಕಟ್ಟು ಬಿಚ್ಚುವಾಗ. "ಇಂದೇನಾಯಿತು, ಹೇಳಿ" ಎಂದು ಕೇಳುವುದನ್ನು ಕೆಲವು ದಿನ ಬಿಡಿ. ಅವರ ಕೈಗೆ ಒಂದು ಸೂಡು ಕೊಟ್ಟು ನೋಡಿ.

ಪ್ರಶ್ನೆ: ಮಗ ಕೆನಡಾದಲ್ಲಿದ್ದಾನೆ. ವಾರಕ್ಕೆರಡು ಸಲ ವಿಡಿಯೋ ಕರೆ ಮಾಡುತ್ತಾನೆ. ಊಟವಾಯಿತೆ, ಚಳಿ ಇದೆಯೆ ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತು ಮುಗಿಯುತ್ತದೆ. ಮುಖ ಕಂಡರೂ ಅವನು ದೂರವೇ ಉಳಿಯುತ್ತಾನೆ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನನ್ನ ಅಕ್ಕ ಮದುವೆಯಾಗಿ ಮುಂಬಯಿಗೆ ಹೋದವಳು. ನಮ್ಮ ಕೇಂದ್ರದ ಮಧ್ಯಮ ತರಂಗ, ಅಂದರೆ 765 ಕಿಲೋಹರ್ಟ್ಸ್, ಹಗಲಿನಲ್ಲಿ ಅವಳ ಮನೆಗೆ ಸಿಗುತ್ತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ವಾತಾವರಣದ ಮೇಲಿನ ಸ್ತರಗಳಲ್ಲಿ ಬದಲಾವಣೆಯಾಗುತ್ತದೆ. ಹಗಲು ಈ ತರಂಗಗಳನ್ನು ಹೀರಿಕೊಳ್ಳುವ ಕೆಳಗಿನ ಪದರ ಕರಗಿ, ಅವು ಇನ್ನೂ ಮೇಲಕ್ಕೆ ಹೋಗಿ ಅಲ್ಲಿಂದ ಪ್ರತಿಫಲಿಸಿ ನೂರಾರು ಮೈಲಿ ದೂರದಲ್ಲಿ ಇಳಿಯುತ್ತವೆ. ಹಾಗಾಗಿ ನನಗೆ ರಾತ್ರಿ ಪಾಳಿ ಇದ್ದ ದಿನ ಮಾತ್ರ ಅಕ್ಕನಿಗೆ ನಾನು ಕೇಳಿಸುತ್ತಿದ್ದೆ, ಅದೂ ಗರಗರ ಸದ್ದಿನ ನಡುವೆ, ಏರುತ್ತ ಇಳಿಯುತ್ತ. "ಹೊತ್ತು ಮುಳುಗಿದ ಮೇಲೆ ತಂಗಿ ಮನಿಗೆ ಬರ್ತಾಳ" ಎಂದು ನೆರೆಯವರಿಗೆ ಹೇಳುತ್ತಿದ್ದಳಂತೆ. ನಾನು ಅವಳ ಹೆಸರು ಹಿಡಿದು ಕರೆದವಳಲ್ಲ, ಕ್ಷೇಮ ಕೇಳಿದವಳಲ್ಲ. ಮರುದಿನದ ಕಾರ್ಯಕ್ರಮಗಳ ಪಟ್ಟಿ ಓದಿ ಶುಭರಾತ್ರಿ ಹೇಳುತ್ತಿದ್ದೆ, ಅಷ್ಟೆ. ಅವಳಿಗೆ ಅದು ಸಾಕಾಗುತ್ತಿತ್ತು.

ಅಂದಹಾಗೆ, ಆಕಾಶವಾಣಿಯ ಆ ಸಂಕೇತ ರಾಗವನ್ನು ಸಂಯೋಜಿಸಿದ ವಾಲ್ಟರ್ ಕಾಫ್‌ಮನ್ ಅವರೂ ನಾಜಿಗಳ ಕಾಲದಲ್ಲಿ ಯುರೋಪು ತೊರೆದು ಮುಂಬಯಿಗೆ ಬಂದು ನೆಲೆಸಿದ್ದವರು. ನಸುಕಿನಲ್ಲಿ ಅದನ್ನು ಕೇಳುವಾಗಲೆಲ್ಲ ಮನೆಯಿಂದ ದೂರವಿದ್ದವರ ಕೈಯಿಂದ ಬಂದ ರಾಗವಿದು ಎಂದು ನೆನಪಾಗುತ್ತಿತ್ತು.

ನಿಮ್ಮ ಮಗನಿಗೆ ಪ್ರಶ್ನೆಗಳು ಸಾಕಾಗಿರಬಹುದು. ಅವನು ಕರೆ ಮಾಡಿದಾಗ ನೀವು ಅಡುಗೆಮನೆಯಲ್ಲಿದ್ದರೆ ಅಲ್ಲಿಯೇ ಇರಿ. ಫೋನನ್ನು ಡಬ್ಬಿಗೆ ಆನಿಸಿಟ್ಟು ಒಗ್ಗರಣೆ ಹಾಕಿ, ಹಾಲಿನವರೊಡನೆ ಮಾತನಾಡಿ, ಮಳೆ ಬಂದರೆ ಹಂಚಿನ ಮೇಲೆ ಅದು ಬೀಳುವ ಸದ್ದು ಕೇಳಲಿ. ಅವನು ಬಿಟ್ಟು ಹೋದದ್ದು ನಿಮ್ಮನ್ನು ಮಾತ್ರವಲ್ಲ, ಆ ಸದ್ದುಗಳನ್ನೂ. ಮಾತು ತಾನಾಗಿ ಬಂದೀತು, ಬಾರದಿದ್ದರೂ ಅವನು ಆ ಹೊತ್ತು ಮನೆಯಲ್ಲಿರುತ್ತಾನೆ.

ಪ್ರಶ್ನೆ: ನಿಮ್ಮ ಹಳೆಯ ಧ್ವನಿಮುದ್ರಣಗಳನ್ನು ಈಗ ಕೇಳುತ್ತೀರಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೇರ ಉದ್ಘೋಷಣೆಗಳನ್ನು ಮುದ್ರಿಸಿಡುವ ಪದ್ಧತಿ ಇರಲಿಲ್ಲ. ಆಡಿದ ಮಾತು ಆಡಿದ ಕ್ಷಣಕ್ಕೇ ಹೋಗುತ್ತಿತ್ತು, ಅದು ನನಗೆ ಸರಿಯೆಂದೇ ತೋರುತ್ತಿತ್ತು. ನನ್ನ ಬಳಿ ಉಳಿದಿರುವುದು ಒಂದೇ ಕ್ಯಾಸೆಟ್ಟು. 1988ರ ಒಂದು ಬೆಳಿಗ್ಗೆ ಪತಿ ಟೇಪ್ ರೆಕಾರ್ಡರನ್ನು ರೇಡಿಯೋದ ಮುಂದಿಟ್ಟು ಮುದ್ರಿಸಿದ್ದು. ಅದರಲ್ಲಿ ನನ್ನ ಮಾತು ಎರಡು ನಿಮಿಷಕ್ಕಿಂತ ಹೆಚ್ಚಿಲ್ಲ. ಅದರ ಸುತ್ತ ಪಾತ್ರೆಗಳ ಸದ್ದು, ಮಗಳ ಕೆಮ್ಮು, ಹೊರಗೆ ತರಕಾರಿಯವಳ ಕೂಗು, ಇವೆಲ್ಲ ತುಂಬಿಕೊಂಡಿವೆ. ನಡುವೆ ಅತ್ತೆಯವರು, "ಸ್ಟೋ ಸಣ್ಣ ಮಾಡ್ರಿ, ಹಾಲು ಉಕ್ಕತಾವ" ಎನ್ನುತ್ತಾರೆ. ಆಮೇಲೆ ನನ್ನ ಧ್ವನಿ ಬರುತ್ತಿದ್ದಂತೆ, ತಗ್ಗಿದ ದನಿಯಲ್ಲಿ, "ಸುಮ್ಮಿರ್ರಿ ಎಲ್ಲಾರೂ, ಇಕಿ ಮಾತಾಡ್ಲಿಕ್ಕತ್ತಾಳ."

ಅವರು ನನ್ನ ಕಾರ್ಯಕ್ರಮ ಕೇಳುತ್ತಿದ್ದರೆಂದು ನನಗೆ ಒಂದು ದಿನವೂ ಹೇಳಿರಲಿಲ್ಲ. ಅವರು ತೀರಿಕೊಂಡು ಹಲವು ವರ್ಷಗಳಾದವು, ಅವರ ಧ್ವನಿ ಬೇರೆಲ್ಲೂ ಉಳಿದಿಲ್ಲ. ಕಳೆದ ವರ್ಷ ಮಗಳು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ವರ್ಗಾಯಿಸಲು ಒಯ್ದಾಗ, ಹಿನ್ನೆಲೆಯ ಗದ್ದಲವನ್ನೆಲ್ಲ ತೆಗೆದು ಉದ್ಘೋಷಣೆಯನ್ನು ಮಾತ್ರ ಸ್ವಚ್ಛವಾಗಿ ಉಳಿಸಿಕೊಡುವುದಾಗಿ ಅಂಗಡಿಯ ಹುಡುಗ ಹೇಳಿದನಂತೆ. ಬೇಡವೆಂದು ಹೇಳಿ, ಇದ್ದದ್ದನ್ನು ಇದ್ದ ಹಾಗೆಯೇ ಮಾಡಿಸಿಕೊಂಡು ಬಂದಳು.